ತಂದೆಯ ಕಾಲದ ಜೀಪ್ ಪಿಕಪ್: ಗುಜರಿಗೆ ಹಾಕಬೇಕೇ, ಮಕ್ಕಳೊಂದಿಗೆ ಸೇರಿ ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ನಮ್ಮ ತಂದೆಯವರು 1984ರಲ್ಲಿ ಹೊಸದಾಗಿ ಕೊಂಡ ಮಹೀಂದ್ರ ಡೀಸೆಲ್ ಜೀಪ್ ಪಿಕಪ್ ಅಡಿಕೆ ಕಣದ ಪಕ್ಕದ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ನಿಂತಿದೆ. ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು. ಈಗ ಎಂಜಿನ್ ತಿರುಗುತ್ತಿಲ್ಲ, ಕೆಳಗೆ ತುಕ್ಕು ಹಿಡಿದಿದೆ. ತಂದೆ ತೀರಿಕೊಂಡಿದ್ದಾರೆ, ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದೆ. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ, ಮಗ ಒಂಬತ್ತನೆಯ ತರಗತಿ. ರಜೆಯಲ್ಲಿ ಎಲ್ಲರೂ ಸೇರಿ ಗಾಡಿಯನ್ನು ಮೊದಲಿನಂತೆ ಮಾಡಿ ಒಂದು ಭಾನುವಾರ ಸೂಳೆಕೆರೆಗೆ ಹೋಗಿಬರಬೇಕೆಂಬುದು ಮಕ್ಕಳ ಆಸೆ. ಹದಿನೈದು ವರ್ಷ ದಾಟಿದ ಗಾಡಿ ಇಟ್ಟುಕೊಳ್ಳುವುದೇ ತಪ್ಪು, ಗುಜರಿಗೆ ಹಾಕು ಎಂದು ತಮ್ಮ ಹೇಳುತ್ತಾನೆ. ಪರಿಚಯದವರೊಬ್ಬರು ವಿಂಟೇಜ್ ನೋಂದಣಿ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಒಬ್ಬ ಮಿಸ್ತ್ರಿ ಒಂದೂವರೆ ಲಕ್ಷ, ಇನ್ನೊಬ್ಬರು ಐದು ಲಕ್ಷ ಆಗುತ್ತದೆ ಎಂದರು. ಬೇರೆ ಎಂಜಿನ್ ಕೂರಿಸಿಬಿಡಿ ಎಂದು ಇಬ್ಬರೂ ಹೇಳಿದರು. ನಾವು ಏನು ಮಾಡಬೇಕು?

ಉತ್ತರ: ಗಾಡಿಯನ್ನು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇದೆಯೇ, ಅದಕ್ಕೆ ಹಾಕುವ ಹಣ ಸಾರ್ಥಕವೇ, ಇಂಥ ಕೆಲಸವನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬುದು ನಿಮ್ಮ ಚಿಂತೆ. ದಾವಣಗೆರೆಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವನಾಗಿ ನೇರವಾಗಿ ಹೇಳುತ್ತೇನೆ: ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು, ಗಟ್ಟಿಯಾಗಿದ್ದರೆ ನಿಮ್ಮ ಪಿಕಪ್ ಮತ್ತೆ ರಸ್ತೆಗೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ, ಅದೂ ತನ್ನದೇ ಎಂಜಿನ್‌ನೊಂದಿಗೆ. ಮನೆಯಲ್ಲಿ ಕೈಗೊಂಡ ಇಂಥ ಕೆಲಸಗಳು ಅರ್ಧಕ್ಕೆ ನಿಂತದ್ದನ್ನು ನಾನು ಬಹಳ ನೋಡಿದ್ದೇನೆ. ಬಿಡಿಭಾಗ ಸಿಗದೆ ನಿಂತವು ಕಡಿಮೆ; ಮೊದಲ ಹುಮ್ಮಸ್ಸಿನಲ್ಲಿ ಇಡೀ ಗಾಡಿಯನ್ನು ಬಿಚ್ಚಿ ಹರಡಿದ್ದರಿಂದ ನಿಂತವೇ ಹೆಚ್ಚು. ಆದ್ದರಿಂದ ಗಾಡಿಯನ್ನು ಒಮ್ಮೆಗೇ ಬಿಚ್ಚಬೇಡಿ, ಒಂದು ಭಾಗ ಮುಗಿದು ಮತ್ತೆ ಕೂತ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ ಎಂಬುದು ನನ್ನ ಮುಖ್ಯ ಸಲಹೆ. ಇದರ ಕಾರಣವನ್ನು ಮುಂದೆ ವಿವರಿಸುತ್ತೇನೆ.

ಮೊದಲು ನಿಮ್ಮ ತಮ್ಮನವರ ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯನ್ನು ಇಟ್ಟುಕೊಳ್ಳುವುದು ಕರ್ನಾಟಕದಲ್ಲಿ ಅಪರಾಧವಲ್ಲ. ಈ ನಂಬಿಕೆ ಹುಟ್ಟಲು ಎರಡು ಕಾರಣಗಳಿವೆ. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಹಾಗೂ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟಿನ ಆದೇಶಗಳಿಂದ ನಿರ್ಬಂಧ ಬಂದಿತ್ತು. ಆ ಸುದ್ದಿ ಊರೂರಿಗೆ ಹರಡುವಾಗ ಇಡೀ ದೇಶದ ಕಾನೂನೆಂಬಂತೆ ಕೇಳಿಸಿತು. ಎರಡನೆಯದು 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಗುಜರಿ ನೀತಿ. ಅದರಲ್ಲಿ ಖಾಸಗಿಯವರ ವಾಹನಕ್ಕೆ ವಯಸ್ಸಷ್ಟೇ ಅಳತೆಯಲ್ಲ, ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ ಎಂಬುದು ಅಳತೆ. ಹದಿನೈದು ವರ್ಷ ತುಂಬಿದೊಡನೆ ನೋಂದಣಿ ಮುಂದುವರಿಯದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು ಸರ್ಕಾರಿ ವಾಹನಗಳಿಗೆ. ನಿಮ್ಮ ಗಾಡಿ ಶೆಡ್ಡಿನಲ್ಲಿ ನಿಂತಿರುವವರೆಗೆ ಅದರಿಂದ ತೊಂದರೆಯಿಲ್ಲ. ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ವಿಮೆ, ತೆರಿಗೆ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸಿದರೆ ಮಾತ್ರ ತಪ್ಪಾಗುತ್ತದೆ.

ವಿಂಟೇಜ್ ನೋಂದಣಿಯ ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ನಿಮಗೆ ಹೊಂದುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ಈ ವ್ಯವಸ್ಥೆಯ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ ಮತ್ತು ಎಂಜಿನ್ ಮೂಲ ರೂಪದಲ್ಲಿರಬೇಕು. ನಿಮ್ಮದಕ್ಕೆ ಆ ವಯಸ್ಸು ತುಂಬುವುದು 2034ರಲ್ಲಿ. ಅಷ್ಟೇ ಅಲ್ಲ, ನಿಯಮ ಹೇಳುವುದು ದ್ವಿಚಕ್ರ ವಾಹನಗಳು ಮತ್ತು ಎಂ1 ವರ್ಗದ, ಅಂದರೆ ಜನರನ್ನು ಒಯ್ಯುವ ನಾಲ್ಕು ಚಕ್ರದ ವಾಹನಗಳ ಬಗ್ಗೆ. ಸರಕು ಹೊರುವ ಪಿಕಪ್ ಎನ್1 ವರ್ಗಕ್ಕೆ ಸೇರುತ್ತದೆ. ಒಂದು ವೇಳೆ ವಿಂಟೇಜ್ ನೋಂದಣಿ ಸಿಕ್ಕಿದರೂ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ಮತ್ತು ರಿಪೇರಿಯಂಥ ಕೆಲಸಗಳಿಗಷ್ಟೇ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕೆ ಅಲ್ಲ. ಈ ದಾರಿಯನ್ನು ಬಿಟ್ಟು ಸಾಮಾನ್ಯ ನೋಂದಣಿಯನ್ನೇ ಜೀವಂತವಾಗಿಸುವುದು ಸೂಕ್ತ.

ಅದಕ್ಕಾಗಿ ಒಂದು ಸ್ಪ್ಯಾನರ್ ಎತ್ತುವ ಮೊದಲೇ ಕಾಗದಗಳನ್ನು ನೋಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. 1984ರ ನಿಮ್ಮ ಗಾಡಿಯ ಮೂಲ ನೋಂದಣಿ ಶಿವಮೊಗ್ಗದಲ್ಲಿ ಆಗಿರುವ ಸಾಧ್ಯತೆಯೇ ಹೆಚ್ಚು, ಸಂಖ್ಯೆಯೂ ‘ಕೆಎ’ ಸರಣಿ ಬರುವುದಕ್ಕಿಂತ ಹಿಂದಿನದಾಗಿರುತ್ತದೆ. ಅಂಥ ದಾಖಲೆಗಳು ಮೊದಲಿಗೆ ಕೈಬರಹದ ರಿಜಿಸ್ಟರಿನಲ್ಲಿದ್ದವು. ಅವು ಗಣಕೀಕೃತ ವ್ಯವಸ್ಥೆಗೆ ಸೇರಿವೆಯೇ ಎಂದು ಆರ್‌ಟಿಒ (ಸಾರಿಗೆ) ಕಚೇರಿಯಲ್ಲಿ ಕೇಳಿ, ಸೇರಿಲ್ಲದಿದ್ದರೆ ಮೂಲ ಕಚೇರಿಯಿಂದಲೇ ಆ ಕೆಲಸ ಆಗಬೇಕು. ದಾವಣಗೆರೆಯ ಕಚೇರಿಗೆ ಹಲವು ಸಲ ಅಲೆದು, ಆಮೇಲೆ ಕಡತ ಶಿವಮೊಗ್ಗದಲ್ಲಿದೆ ಎಂದು ತಿಳಿದು ಬೇಸತ್ತವರನ್ನು ನೋಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಹೊಂದುತ್ತವೆಯೇ ಎಂದು ನಿಮ್ಮ ಮಗಳೇ ನೋಡಲಿ. ಸಂಖ್ಯೆಯ ಮೇಲಿನ ತುಕ್ಕನ್ನು ಗ್ರೈಂಡರ್‌ನಿಂದ ಉಜ್ಜಬಾರದು, ಅಕ್ಷರವೇ ಅಳಿಸಿಹೋಗುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಮತ್ತು ಮೆತ್ತನೆಯ ಬ್ರಷ್ ಸಾಕು.

ಮಾಲೀಕರು ತೀರಿಕೊಂಡಾಗ ವಾಹನವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು 31ನೆಯ ನಮೂನೆಯ ಅರ್ಜಿ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಬೇಕಾಗುತ್ತವೆ. ಅವಧಿ ಮೀರಿರುವುದರಿಂದ ದಂಡವೂ ಬೀಳಬಹುದು. ಅಂದರೆ ನಿಮ್ಮ ತಮ್ಮನವರ ಸಹಿ ಇಲ್ಲದೆ ಈ ಕೆಲಸ ಮುಂದೆ ಹೋಗುವುದಿಲ್ಲ. ಲಕ್ಷಾಂತರ ರೂಪಾಯಿ ಹಾಕಿ, ಗಾಡಿಗೆ ಬೆಲೆ ಬಂದ ಮೇಲೆ ಸಹಿ ಕೇಳುವುದಕ್ಕಿಂತ ಈಗಲೇ ಕೂತು ಮಾತಾಡಿ ಒಪ್ಪಿಗೆ ಪಡೆಯುವುದು ಎಲ್ಲರಿಗೂ ಒಳ್ಳೆಯದು. ಗಾಡಿ ಸರಕು ವಾಹನವೆಂದು ನೋಂದಣಿಯಾಗಿದ್ದರೆ ಬಾಕಿ ತೆರಿಗೆ ಎಷ್ಟಿದೆ ಎಂದೂ ಬರಹದಲ್ಲಿ ಕೇಳಿ. ಗಾಡಿ ಓಡಿಸುತ್ತಿಲ್ಲವೆಂದು ನಿಮ್ಮ ತಂದೆಯವರು ಕಚೇರಿಗೆ ಪತ್ರ ಕೊಟ್ಟಿದ್ದರೆ ಅದರ ಪ್ರತಿ ಬಹಳ ಉಪಯೋಗಕ್ಕೆ ಬರುತ್ತದೆ, ಹಳೆಯ ಕಾಗದಗಳಲ್ಲಿ ಹುಡುಕಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ಆದರೆ ಇಷ್ಟು ಹಳೆಯ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹಳೆಯ ವಾಹನಗಳ ನವೀಕರಣ ಮತ್ತು ಎಫ್‌ಸಿ ಶುಲ್ಕಗಳನ್ನು 2022ರಲ್ಲೂ 2025ರಲ್ಲೂ ಏರಿಸಿರುವುದರಿಂದ ಅಂದಿನ ದರವನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಇನ್ನು ಗಾಡಿಯ ವಿಷಯ. ಇಡೀ ನಿರ್ಧಾರ ನಿಂತಿರುವುದು ತುಕ್ಕಿನ ಮೇಲೆ. ನಮ್ಮ ಸೀಮೆ ಕರಾವಳಿಯಲ್ಲ, ಇಲ್ಲಿ ಕಬ್ಬಿಣ ಬೇಗ ಕೊಳೆಯುವುದಿಲ್ಲ ಎಂಬ ಮಾತು ರಸ್ತೆಯಲ್ಲಿ ಓಡುವ ಗಾಡಿಯ ಮಟ್ಟಿಗೆ ಸರಿ. ತೋಟದಲ್ಲಿ ದುಡಿದು ಮಣ್ಣಿನ ನೆಲದ ಶೆಡ್ಡಿನಲ್ಲಿ ನಿಂತ ಗಾಡಿಯ ಕಥೆ ಬೇರೆ. ನೆಲದ ತೇವ ರಾತ್ರಿಯಿಡೀ ಮೇಲೆದ್ದು ತಣ್ಣಗಾದ ಚಾಸಿಯ ಅಡಿಯಲ್ಲಿ ಹನಿಗಟ್ಟುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ. ಅದರ ಪುಡಿ ಬಾಡಿಯ ಸಂದುಗಳಲ್ಲಿ ಉಳಿದು ತೇವವನ್ನು ಎಳೆದುಕೊಂಡು, ಸಮುದ್ರದ ಉಪ್ಪು ಮಾಡುವ ಕೆಲಸವನ್ನೇ ಮಾಡುತ್ತದೆ. ಶೆಡ್ಡಿನಲ್ಲಿ ಜಾಗವಿಲ್ಲವೆಂದು ಅಡಿಕೆ ಹಾಳೆಯನ್ನೋ ಸಿಪ್ಪೆಯನ್ನೋ ಗಾಡಿಯ ಮೇಲೆ ಒಟ್ಟಿದ್ದರೆ ಅಲ್ಲಿಯೂ ನೀರು ನಿಂತಿರುತ್ತದೆ. ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಚೆಲ್ಲಿದ ಜಾಗದಲ್ಲಿ ಕಬ್ಬಿಣ ಕಪ್ಪಾಗಿ, ಸುತ್ತಲಿಗಿಂತ ಕಡಿಮೆ ತುಕ್ಕು ಹಿಡಿದಂತೆ ಕಂಡರೆ ಆಶ್ಚರ್ಯಪಡಬೇಡಿ. ಚೊಗರಿನಲ್ಲಿರುವ ಟ್ಯಾನಿನ್ ತುಕ್ಕಿನೊಂದಿಗೆ ಸೇರಿ ಕಪ್ಪು ಪದರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ತುಕ್ಕು ನಿವಾರಕ ದ್ರಾವಣಗಳಲ್ಲಿರುವುದೂ ಟ್ಯಾನಿಕ್ ಆಮ್ಲವೇ. ಆದರೆ ಇಂಥ ದ್ರಾವಣಗಳು ಮೇಲ್ಪದರದ ತುಕ್ಕಿಗೆ ಮಾತ್ರ ಕೆಲಸ ಮಾಡುತ್ತವೆ, ತಿಂದುಹೋದ ತಗಡಿಗೆ ಬಲ ಕೊಡುವುದಿಲ್ಲ.

ಚಾಸಿಯ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅಂಟಿದ ಮಣ್ಣು ಮತ್ತು ಗ್ರೀಸನ್ನು ಕೆರೆದು, ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯಿಂದ ಎರಡೂ ಉದ್ದ ತೊಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣು ಗೇಣಿಗೆ ಬಡಿಯುತ್ತಾ ಹೋಗಿ. ಗಟ್ಟಿ ಉಕ್ಕು ದೇವಸ್ಥಾನದ ಗಂಟೆಯಂತೆ ಮೊಳಗುತ್ತದೆ. ಒಳಗೆ ಪದರ ಬಿಟ್ಟ ಜಾಗದಲ್ಲಿ ಆ ನಾದ ಸತ್ತು ‘ಡಬ್’ ಎನ್ನುತ್ತದೆ, ಕೆಲವೊಮ್ಮೆ ತುಕ್ಕಿನ ಹಕ್ಕಳೆಗಳು ಉದುರುತ್ತವೆ. ಅಂಥ ಜಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ, ಹಳೆಯ ಸ್ಕ್ರೂಡ್ರೈವರ್‌ನಿಂದ ಬಲವಾಗಿ ಚುಚ್ಚಿ ನೋಡಿ. ಕಮಾನ್ ಪಟ್ಟಿಯ ಕೊಂಡಿಗಳು ಚಾಸಿಗೆ ಸೇರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಅಡ್ಡ ತೊಲೆಗಳ ಕೂಡು, ಬಾಡಿಯ ರಬ್ಬರ್ ಕೂರುವ ತೋಳುಗಳು, ಇವುಗಳನ್ನು ಎರಡೆರಡು ಸಲ ನೋಡಿ. ಕ್ಯಾಬಿನ್ನಿನ ನೆಲ, ಬಾಗಿಲಿನ ಕೆಳ ಅಂಚು ತೂತಾಗಿದ್ದರೆ ಚಿಂತೆ ಬೇಡ, ಅದು ಟಿಂಕರಿಂಗ್ ಮಾಡುವವರ ಎಂದಿನ ಕೆಲಸ. ಮುಖ್ಯ ತೊಲೆಯಲ್ಲಿ ಒಂದೆರಡು ಕಡೆ ಸಣ್ಣ ಹಾನಿ ಇದ್ದರೆ, ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅಷ್ಟೇ ದಪ್ಪದ ಉಕ್ಕನ್ನು ಬೆಸೆಯಬೇಕು. ತುಕ್ಕಿನ ಮೇಲೆಯೇ ಪಟ್ಟಿ ಬೆಸೆದು ಪುಟ್ಟಿ ಹಚ್ಚಿ ಕಪ್ಪು ಬಣ್ಣ ಬಳಿಯುವವರಿದ್ದಾರೆ; ಹೊರಗೆ ಹೊಸದಾಗಿ ಕಂಡರೂ ಪಟ್ಟಿಯ ಅಡಿಯಲ್ಲಿ ತುಕ್ಕು ಮುಂದುವರಿದು, ಲೋಡು ಬಿದ್ದ ದಿನ ಅಲ್ಲಿಯೇ ಸೀಳುತ್ತದೆ. ಬಣ್ಣ ಬಳಿಯುವ ಮೊದಲು ಬೆಸುಗೆಯನ್ನು ತೋರಿಸಬೇಕು ಎಂದು ಕೆಲಸ ಕೊಡುವಾಗಲೇ ಹೇಳಿ.

ಎಂಜಿನ್ ತಿರುಗುತ್ತಿಲ್ಲ ಎಂದಮಾತ್ರಕ್ಕೆ ಅದು ಹಾಳಾಗಿದೆ ಎಂದು ಅರ್ಥವಲ್ಲ. ಓಡುವಾಗ ಬಿಸಿಯಾಗಿ ಜಾಮ್ ಆದ ಎಂಜಿನ್ ಬೇರೆ, ನಿಂತಲ್ಲೇ ಹಿಡಿದುಕೊಂಡ ಎಂಜಿನ್ ಬೇರೆ. ಮೊದಲನೆಯದರಲ್ಲಿ ಪಿಸ್ಟನ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಗೀಚಿಹೋಗಿರುತ್ತವೆ. ಎರಡನೆಯದರಲ್ಲಿ ಪಿಸ್ಟನ್ ರಿಂಗುಗಳ ಸುತ್ತ ಬೋರಿನ ಮೇಲೆ ತೆಳುವಾದ ತುಕ್ಕು ಬಂದು ಅಂಟಿರುತ್ತದೆ, ಅಷ್ಟೆ. ನಿಮ್ಮದು ಚೆನ್ನಾಗಿ ಓಡುತ್ತಿದ್ದಾಗಲೇ ನಿಂತದ್ದರಿಂದ ಎರಡನೆಯ ಬಗೆಯದೇ ಇರಬೇಕು. 1979ರಲ್ಲಿ ಮಹೀಂದ್ರದವರು ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಪರವಾನಗಿ ಪಡೆದು ತಯಾರಿಸಿದ 2,112 ಸಿಸಿಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ನಿಮ್ಮ ಗಾಡಿಯಲ್ಲಿರುವ ಸಾಧ್ಯತೆ ಇದೆ. ಬ್ಲಾಕಿನ ಮೇಲಿನ ಸಂಖ್ಯೆ ನೋಡಿದರೆ ಖಚಿತವಾಗುತ್ತದೆ. ನಿಧಾನದ, ಗಟ್ಟಿ ಎಂಜಿನ್ ಅದು. ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ್ದರಿಂದ ಡಿಪ್ಲೊಮಾ ಓದುವ ಮಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು.

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದನ್ನಾಗಲಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗೇರಿನಲ್ಲಿ ಎಳೆಯುವುದನ್ನಾಗಲಿ ದಯವಿಟ್ಟು ಮಾಡಬೇಡಿ. ಉಳಿಯಬಹುದಾದ ಎಂಜಿನ್‌ಗಳು ಒಡೆಯುವುದು ಇಲ್ಲಿಯೇ: ಅಂಟಿದ ರಿಂಗ್ ಮುರಿಯುತ್ತದೆ, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲ್ಕೂ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ತೆಳುವಾದ ಎಂಜಿನ್ ಆಯಿಲ್ ಸಮಸಮ ಬೆರೆಸಿ ಸ್ವಲ್ಪ ಸ್ವಲ್ಪ ಬಿಡಿ. ಕೆಲವು ದಿನ ಇಳಿಯಲು ಬಿಟ್ಟು ಮತ್ತೆ ತುಂಬಿ. ಆಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎರಡೂ ದಿಕ್ಕಿಗೆ ಕೂದಲೆಳೆಯಷ್ಟು ಅಲುಗಿಸುತ್ತಾ ಬನ್ನಿ. ಪೈಪು ಸಿಕ್ಕಿಸಿ ಜಗ್ಗಬಾರದು. ಒಮ್ಮೆ ಅಲುಗಿತು ಎಂದರೆ ದಿನಕ್ಕಿಷ್ಟು ಎಂದು ಬಿಡಿಸಿಕೊಳ್ಳುತ್ತದೆ. ಪೂರ್ತಿ ಸುತ್ತು ತಿರುಗಿದ ಮೇಲೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗಿನ ಒತ್ತಡ) ನೋಡಿ, ನಾಲ್ಕೂ ಸಿಲಿಂಡರುಗಳು ಹತ್ತಿರ ಹತ್ತಿರ ಇದ್ದರೆ ಎಂಜಿನ್ ಇಳಿಸುವ ಅಗತ್ಯವೇ ಬೀಳದಿರಬಹುದು.

ಹಳೆಯ ಡೀಸೆಲ್ ಅಂಟಾಗಿರುತ್ತದೆ. ಟ್ಯಾಂಕನ್ನು ಇಳಿಸಿ ತೊಳೆದು, ಪಂಪು ಮತ್ತು ನಾಜಲ್‌ಗಳನ್ನು ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಕೆಲಸಗಾರರಿಗೆ ಕೊಡಿ. ಇದು ಮನೆಯ ಕೆಲಸವಲ್ಲ. ನಾಜಲ್‌ನಿಂದ ಡೀಸೆಲ್ ಚಿಮ್ಮುವುದು 100 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ, ಅದು ಚರ್ಮವನ್ನು ತೂರಿ ಒಳಹೋಗುತ್ತದೆ. ಮೇಲ್ನೋಟಕ್ಕೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಖಾಲಿ ಟ್ಯಾಂಕಿಗೆ ಬೆಸುಗೆ ಹಾಕಲು ಯಾರು ಹೇಳಿದರೂ ಒಪ್ಪಬೇಡಿ, ಒಳಗಿನ ಆವಿ ಸ್ಫೋಟಿಸುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಸಿಲಿಂಡರಿನಲ್ಲಿ ಉಳಿದ ಎಣ್ಣೆಯನ್ನೇ ಸುಡುತ್ತಾ ಎಂಜಿನ್ ಹತೋಟಿ ತಪ್ಪಿ ಓಡಬಹುದು, ಆಗ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿ ಎಳೆಯುವ ಬಾಯಿಯನ್ನು ಮುಚ್ಚಲು ಒಂದು ಹಲಗೆ ತುಂಡು ಕೈಯಲ್ಲಿ ಹಿಡಿದು ಒಬ್ಬರು ನಿಂತಿರಲಿ. ಬರಿಗೈಯಿಂದ ಮುಚ್ಚಬಾರದು.

ಬೇರೆ ಎಂಜಿನ್ ಕೂರಿಸಿಬಿಡಿ ಎನ್ನುವ ಮಿಸ್ತ್ರಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಕಾರಣ ಅರ್ಥವಾಗುವಂಥದ್ದೇ, ಗುಜರಿಯಿಂದ ತಂದ ಎಂಜಿನ್ ಎರಡು ದಿನದಲ್ಲಿ ಕೂರುತ್ತದೆ, ಹಳೆಯದನ್ನು ಕಟ್ಟಲು ಬಿಡಿಭಾಗ ಹುಡುಕಬೇಕು. ಆದರೆ ಎಂಜಿನ್ ಬದಲಾದರೆ ಮೌಂಟಿಂಗ್, ಗೇರ್‌ಬಾಕ್ಸ್, ಕ್ಲಚ್, ರೇಡಿಯೇಟರ್ ಒಂದರ ಹಿಂದೊಂದು ಬದಲಾಗುತ್ತವೆ, ಹೆಚ್ಚಿದ ಶಕ್ತಿಯನ್ನು ಹಳೆಯ ಬ್ರೇಕು ತಡೆಯಲಾರದು. ಕಾನೂನಿನ ತೊಡಕು ಇನ್ನೂ ದೊಡ್ಡದು. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬ್ಲಾಕೇ ಬಿರುಕು ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ, ಅದೇ ಬಗೆಯ ಎಂಜಿನ್ನನ್ನು ಬಿಲ್ಲಿನೊಂದಿಗೆ ಕೊಂಡು, ಕೂರಿಸುವ ಮೊದಲೇ ಆರ್‌ಟಿಒ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು.

ಬಿಡಿಭಾಗಗಳ ವಿಷಯದಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಜೀಪಿನ ಸಾಮಾನು ಇನ್ನೂ ದೊರೆಯುತ್ತದೆ. ಸಿಗದಿದ್ದುದನ್ನು ತಿರುವಿಸಿಕೊಳ್ಳಲು ಹರಿಹರ ಹತ್ತಿರದಲ್ಲಿದೆ. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದರೂ ಆ ಊರಿನಲ್ಲಿ ಲೇತ್ ಕೆಲಸ ಬಲ್ಲ ಕೈಗಳಿವೆ. ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಪಿನ್), ಕಮಾನಿನ ಪಿನ್, ಬುಷ್ಷುಗಳನ್ನು ಮಾಡಿಸುವಾಗ ಯಾವ ಉಕ್ಕು, ಹದ ಕೊಟ್ಟಿದ್ದಾರೆಯೇ ಎಂದು ಕೇಳಿ. ಸಾಧಾರಣ ಮೈಲ್ಡ್ ಸ್ಟೀಲ್ ಸರಳಿನಿಂದ ತಿರುವಿದ ಪಿನ್ ಅಳತೆಗೆ ಸರಿಯಾಗಿ ಕೂತರೂ ಬೇಗ ಸವೆದು ಸ್ಟೀರಿಂಗ್ ಆಟ ಕೊಡಲಾರಂಭಿಸುತ್ತದೆ.

ಬ್ರೇಕಿನ ಬಗ್ಗೆ ಪತ್ರದಲ್ಲಿ ನೀವು ಏನೂ ಕೇಳಿಲ್ಲ. ನನ್ನ ಲೆಕ್ಕದಲ್ಲಿ ಎಂಜಿನ್‌ಗಿಂತ ಮೊದಲು ಹಣ ಹಾಕಬೇಕಾದದ್ದು ಅಲ್ಲಿಗೆ. ಆ ಕಾಲದ ಬಹುಪಾಲು ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ, ಮಾಸ್ಟರ್ ಸಿಲಿಂಡರಿನಿಂದ ಎಲ್ಲ ಚಕ್ರಗಳಿಗೂ ಒಂದೇ ಲೈನು. ಯಾವ ಮೂಲೆಯಲ್ಲಿ ಸೋರಿದರೂ ಪೆಡಲು ನೆಲ ಮುಟ್ಟುತ್ತದೆ, ನಾಲ್ಕು ಚಕ್ರವೂ ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಒಂಬತ್ತು ವರ್ಷ ನಿಂತ ಗಾಡಿಯ ಸಿಲಿಂಡರುಗಳು ಒಳಗಿನಿಂದಲೇ ತುಕ್ಕು ಹಿಡಿದಿರುತ್ತವೆ. ಕಿಟ್ ಬದಲಿಸಿದರೆ ಸಾಕು ಎಂದುಕೊಳ್ಳದೆ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರುಗಳು, ಉಕ್ಕಿನ ಪೈಪುಗಳು, ರಬ್ಬರ್ ಹೋಸುಗಳು ಎಲ್ಲವನ್ನೂ ಹೊಸದು ಹಾಕಿ. ಆಯಿಲ್ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದಿದ್ದ ಗಾಡಿಗಳನ್ನೂ ನೋಡಿದ್ದೇನೆ. ರಬ್ಬರ್ ಉಬ್ಬಿ ಬ್ರೇಕು ಹಿಡಿದೇ ಬಿಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಲೈನು ಕೊಡುವ ಜೋಡಿ ಮಾಸ್ಟರ್ ಸಿಲಿಂಡರನ್ನು ಹಾಕಿಸುವ ಬಗ್ಗೆ ಎಫ್‌ಸಿ ನೋಡುವ ಅಧಿಕಾರಿಯನ್ನು ಮೊದಲೇ ಕೇಳಿ. ಮೂಲ ರೂಪವನ್ನು ಉಳಿಸಬೇಕೆಂಬುದು ನನಗೂ ಇಷ್ಟವೇ, ಆದರೂ ಅನುಮತಿ ಸಿಗುವುದಾದರೆ ಇದೊಂದು ಬದಲಾವಣೆಯನ್ನು ನಾನು ಒತ್ತಾಯಿಸುತ್ತೇನೆ.

ಟೈರಿನಲ್ಲೂ ಒಂದು ಎಚ್ಚರ. ಜೀಪಿನ 6.00-16 ಅಳತೆಯಲ್ಲೇ ಟ್ರ್ಯಾಕ್ಟರಿನ ಮುಂದಿನ ಟೈರುಗಳೂ ಬರುತ್ತವೆ, ಹಳ್ಳಿಯ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಚಕ್ರಕ್ಕೆ ಸರಿಯಾಗಿ ಕೂರುತ್ತವೆ. ಅವು ಹೊಲದ ನಿಧಾನ ವೇಗಕ್ಕೆ ಮಾಡಿದವು, ರಸ್ತೆಯ ವೇಗಕ್ಕೆ ಅಲ್ಲ. ಗಾಡಿಯ ಹಳೆಯ ಟೈರುಗಳಲ್ಲಿ ಹಲ್ಲು ಚೆನ್ನಾಗಿದ್ದರೂ ರಬ್ಬರ್ ಒಣಗಿ ಬಿರಿದಿರುತ್ತದೆ, ಗಾಡಿಯನ್ನು ಅಂಗಳದಲ್ಲಿ ತಳ್ಳಲು ಮಾತ್ರ ಅವನ್ನು ಬಳಸಿ. ವೈರಿಂಗ್ ಪೂರ್ತಿ ಹೊಸದಾಗಲಿ. ಇಲಿ ಕಡಿದ ಒಂದು ತಂತಿ ಸಾಕು ಕ್ಯಾಬಿನ್ನಿಗೆ ಬೆಂಕಿ ಹತ್ತಲು.

ಗಾಡಿಯನ್ನು ಒಮ್ಮೆಗೇ ಬಿಚ್ಚಬೇಡಿ ಎಂದದ್ದರ ಕಾರಣಕ್ಕೆ ಈಗ ಬರುತ್ತೇನೆ. ಬಾಡಿ ಎತ್ತಿ, ಚಾಸಿ ಬರಿದು ಮಾಡಿ, ಪ್ರತಿ ನಟ್ಟು ಬೋಲ್ಟನ್ನು ಹೊಳೆಯಿಸಿ ಮತ್ತೆ ಕಟ್ಟುವುದು ಒಂದು ಪದ್ಧತಿ. ಅದಕ್ಕೆ ಮುಚ್ಚಿದ ಜಾಗ, ಸತತ ಹಣ, ಬಿಡುವಿಲ್ಲದ ಕೈಗಳು ಬೇಕು. ಮನೆಯಲ್ಲಿ ಆಗುವುದೇ ಬೇರೆ. ಅಡಿಕೆ ಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಯಾರಿಗೂ ಪುರುಸೊತ್ತಿಲ್ಲ, ಮಗಳಿಗೆ ಕೆಲಸ ಸಿಕ್ಕಿ ಊರು ಬಿಡುತ್ತಾಳೆ, ಮಗನಿಗೆ ಎಸ್ಸೆಸ್ಸೆಲ್ಸಿ ಬರುತ್ತದೆ. ಅಷ್ಟರಲ್ಲಿ ಯಾವ ಬೋಲ್ಟು ಎಲ್ಲಿಯದು ಎಂಬುದು ಮರೆತುಹೋಗಿ, ಬಾಗಿಲು ಅಟ್ಟದ ಮೇಲೆ, ಬಾನೆಟ್ ಹಿತ್ತಿಲಲ್ಲಿ ಎಂದಾಗುತ್ತದೆ. ಅಂಥ ರಾಶಿಯನ್ನು ಕೊನೆಗೆ ಕೊಳ್ಳುವವರು ಗುಜರಿಯವರು ಮಾತ್ರ. ಒಂದೊಂದೇ ಭಾಗವನ್ನು ಮುಗಿಸುತ್ತಾ ಹೋದರೆ, ಕೆಲಸ ಎಲ್ಲಿ ನಿಂತರೂ ಗಾಡಿ ಗಾಡಿಯಾಗಿಯೇ ಉಳಿದಿರುತ್ತದೆ. ಚಾಸಿ ಪರೀಕ್ಷೆ ಮತ್ತು ಬೆಸುಗೆ ಮೊದಲು, ಆಮೇಲೆ ಎಂಜಿನ್ ತಿರುಗಿಸುವುದು, ಬ್ರೇಕು ಮತ್ತು ಸ್ಟೀರಿಂಗ್, ವೈರಿಂಗ್, ಎಫ್‌ಸಿ. ಬಣ್ಣ ಕಟ್ಟಕಡೆಗೆ. ಎಫ್‌ಸಿಗೆ ಒಪ್ಪುವಷ್ಟು ಅಚ್ಚುಕಟ್ಟಾಗಿದ್ದರೆ, ತಂದೆಯವರ ಕಾಲದ ಮಾಸಿದ ಬಣ್ಣದಲ್ಲೇ ಒಂದು ವರ್ಷ ಓಡಿಸಿ ನೋಡಿ. ಆ ಬಣ್ಣವನ್ನೇ ಉಳಿಸಿಕೊಳ್ಳೋಣ ಎಂದು ನಿಮಗೇ ಅನ್ನಿಸಬಹುದು. ಹಾಗೆ ಉಳಿಸಿಕೊಂಡ ಗಾಡಿಗಳು ನನಗೆ ಹೊಸ ಬಣ್ಣದವಕ್ಕಿಂತ ಹೆಚ್ಚು ಪ್ರಿಯ.

ಒಂದೂವರೆ ಲಕ್ಷ ಮತ್ತು ಐದು ಲಕ್ಷ, ಎರಡೂ ಪ್ರಾಮಾಣಿಕ ಲೆಕ್ಕಗಳೇ ಇರಬಹುದು. ಗಾಡಿ ಓಡುವಂತೆ ಮಾಡುವುದನ್ನು ಒಬ್ಬರು ಲೆಕ್ಕ ಹಾಕಿದ್ದಾರೆ, ಇಡೀ ಬಾಡಿ ಬಿಚ್ಚಿ ಬಣ್ಣ ಹೊಡೆಯುವುದನ್ನು ಇನ್ನೊಬ್ಬರು. ಚಾಸಿ, ಎಂಜಿನ್, ಬ್ರೇಕು, ವೈರಿಂಗ್, ಟಿಂಕರಿಂಗ್, ಬಣ್ಣ ಇವಕ್ಕೆ ಬೇರೆ ಬೇರೆ ಮೊತ್ತ ಬರೆದುಕೊಡಲು ಇಬ್ಬರನ್ನೂ ಕೇಳಿ. ಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡಿ. ಹಣದ ದೃಷ್ಟಿಯಿಂದ ಮಾತ್ರ ನೋಡಿದರೆ, ಹಾಕಿದಷ್ಟು ಮಾರಿದಾಗ ಬರುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ.

ಮಕ್ಕಳ ಪಾಲಿಗೆ ಕೆಲಸ ಬೇಕಾದಷ್ಟಿದೆ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆದು, ಬೋಲ್ಟುಗಳನ್ನು ಕವರಿಗೆ ಹಾಕಿ ಚೀಟಿ ಬರೆಯುವ ಜವಾಬ್ದಾರಿಯನ್ನು ಮಗನಿಗೆ ಕೊಡಿ. ಅಚ್ಚುಕಟ್ಟಾಗಿ ಮಾಡಿದರೆ ಅದೇ ಇಡೀ ಕೆಲಸದ ಆಧಾರ. ಹಿಂದಿನ ಬಾಡಿಯ ಹಲಗೆಗಳನ್ನು ಹೊಸದಾಗಿ ಅಳೆದು ಕೂರಿಸುವುದು, ಮೀಟರ್ ಬೋರ್ಡ್ ಸ್ವಚ್ಛ ಮಾಡುವುದು, ಅಕ್ಕ ನಕ್ಷೆ ಬರೆದರೆ ಅದರಂತೆ ವೈರು ಎಳೆಯುವುದು ಅವನ ವಯಸ್ಸಿಗೆ ಸರಿಯಾದವು. ಬ್ರೇಕ್ ಡ್ರಮ್ ಬಿಚ್ಚುವಾಗ ಮಾತ್ರ ಅವನು ಹತ್ತಿರ ಇರಬಾರದು. ಹಳೆಯ ಬ್ರೇಕ್ ಲೈನಿಂಗ್ ಮತ್ತು ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಗಾಳಿ ಹೊಡೆಯದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ ನೀರು ಹಾಕಿಯೇ ಉಜ್ಜಿ, ಮಾಸ್ಕ್ ಧರಿಸಿ. ಹಾರ್ಡ್‌ನರ್ ಬೆರೆಸುವ ಪಿಯು ಬಣ್ಣವನ್ನು ಮನೆಯಂಗಳದಲ್ಲಿ ಸ್ಪ್ರೇ ಮಾಡುವುದು ಬೇಡವೇ ಬೇಡ, ಅದರ ಆವಿ ಆಸ್ತಮಾ ತರುತ್ತದೆ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ದೊಡ್ಡವರೂ ಮಲಗಬಾರದು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕು ಆಸರೆಯಲ್ಲ, ಸರಿಯಾದ ಸ್ಟ್ಯಾಂಡ್ ಕೊಳ್ಳಿ. ಶೆಡ್ಡಿನಿಂದ ಹೊರಗೆ ತಳ್ಳುವ ಮೊದಲು ಸೀಟಿನ ಅಡಿ ಮತ್ತು ಬಾನೆಟ್ಟಿನ ಒಳಗೆ ಕೋಲಿನಿಂದ ತಟ್ಟಿ ನೋಡಿ, ಇಲಿ ಇದ್ದಲ್ಲಿಗೆ ಹಾವು ಬರುತ್ತದೆ.

ಸೂಳೆಕೆರೆಯ ಪ್ರಯಾಣದ ಬಗ್ಗೆ ಒಂದು ಮಾತು. ಕಾರಿನ ಲೈಸೆನ್ಸ್ ಇದ್ದವರು ಇಂಥ ಹಗುರ ಸರಕು ವಾಹನವನ್ನೂ ಓಡಿಸಬಹುದು ಎಂಬುದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟಪಡಿಸಿದೆ, ಆದ್ದರಿಂದ ನಿಮ್ಮ ಮಗಳಿಗೆ ಲೈಸೆನ್ಸ್ ಇದ್ದರೆ ಅವಳೇ ಓಡಿಸಲಿ. ಆದರೆ ಹಿಂದಿನ ಬಾಡಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ಕ್ಯಾಬಿನ್ನಿನಲ್ಲಿ ಆರ್‌ಸಿ ಹೇಳುವಷ್ಟು ಜನ ಮಾತ್ರ. ಉಳಿದವರು ಬೇರೆ ಗಾಡಿಯಲ್ಲಿ ಹಿಂದೆ ಬರುವುದು ಹೇಗೂ ಒಳ್ಳೆಯದು, ದಾರಿಯಲ್ಲಿ ನಿಂತರೆ ಸಹಾಯಕ್ಕಾಗುತ್ತದೆ. ಎಫ್‌ಸಿ ಮತ್ತು ವಿಮೆ ಆದ ಮೇಲೆ ಮೊದಲ ಕೆಲವು ಓಟಗಳು ಊರಿನ ಸುತ್ತಲೇ ಇರಲಿ. ಪ್ರತಿ ಸಲ ನಿಲ್ಲಿಸಿದಾಗ ಚಕ್ರಗಳ ನಡುವಿನ ಹಬ್ಬುಗಳ ಬಳಿ ಅಂಗೈ ಹಿಡಿದು ನೋಡಿ. ನಾಲ್ಕರಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ ಎಂದು ತಿಳಿಯಿರಿ. ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಚಾಸಿಯ ಮುಖ್ಯ ತೊಲೆಗಳು ಹಲವು ಕಡೆ ಕೊಳೆತಿದ್ದು, ಬೆಸುಗೆಗೆ ಗಟ್ಟಿ ಲೋಹವೇ ಸಿಗದಿದ್ದರೆ ರಸ್ತೆಗೆ ತರುವ ಯೋಚನೆ ಬಿಡಬೇಕು. ಆಗಲೂ ಎರಡು ದಾರಿಗಳಿವೆ. ಎಂಜಿನ್ ತಿರುಗುವಂತೆ ಮಾಡಿ, ಸ್ವಂತ ತೋಟದೊಳಗೆ, ಹೊರೆ ಹಾಕದೆ, ನಡಿಗೆಯ ವೇಗದಲ್ಲಿ ಓಡಿಸಿಕೊಂಡು ಇಟ್ಟುಕೊಳ್ಳಬಹುದು. ಬೇಡವೆಂದಾದರೆ ಊರೂರು ತಿರುಗುವ ಗುಜರಿಯವರಿಗೆ ಕೊಡದೆ, ಸರ್ಕಾರದ ನೋಂದಣಿ ಪಡೆದ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿ. ರದ್ದಾಗದ ಆರ್‌ಸಿ ಮತ್ತು ಚಾಸಿ ಸಂಖ್ಯೆ ಬೇರೆಯವರ ಕೈಗೆ ಹೋಗಿ, ಕದ್ದ ಗಾಡಿಯೊಂದರ ಮೇಲೆ ಆ ಸಂಖ್ಯೆ ಕಂಡುಬಂದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ತಂದೆಯವರ ಹೆಸರಿನ ಮನೆಗೆ. ಮಗಳ ಕಲಿಕೆಗೆಂದು ಎಂಜಿನ್ ಅಥವಾ ಗೇರ್‌ಬಾಕ್ಸ್ ಉಳಿಸಿಕೊಳ್ಳುವ ಮನಸ್ಸಿದ್ದರೆ, ಗಾಡಿಯನ್ನು ಒಪ್ಪಿಸುವ ಮೊದಲೇ ಆ ಕೇಂದ್ರದವರನ್ನೂ ಆರ್‌ಟಿಒ ಕಚೇರಿಯನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.